ಮಳೆಗಾಲದ ಟಾರ್ಚಿಗೆ ಒಂದು ಸೆಲ್ಲೋ, ಎರಡೋ, ನಾಲ್ಕೋ?

ಮೇ ತಿಂಗಳ ಕೊನೆಗೆ ತೀರ್ಥಹಳ್ಳಿ, ಸಾಗರ, ಹೊಸನಗರದ ಅಂಗಡಿಗಳಲ್ಲಿ ಕೊಡೆ, ಪ್ಲಾಸ್ಟಿಕ್ ಹೊದಿಕೆ, ಗಂಬೂಟುಗಳ ಪಕ್ಕದಲ್ಲಿ ಟಾರ್ಚುಗಳೂ ಮುಂದಿನ ಸಾಲಿಗೆ ಬರುತ್ತವೆ. ಕೊಳ್ಳಲು ಬಂದವರು ಗೊಂದಲಕ್ಕೆ ಬೀಳುವುದು ಅಲ್ಲೇ. ಒಂದೇ ಸೆಲ್ ಹಿಡಿಯುವ ಗೇಣುದ್ದದ ಟಾರ್ಚು, ಎರಡು ಸೆಲ್ ಉದ್ದಕ್ಕೆ ಕೂರುವ ಕೊಳವೆ, ತಲೆಯ ಹಿಂದೆ ಎರಡು ಸೆಲ್ಲಿನ ಪೆಟ್ಟಿಗೆ ಇರುವ ಹೆಡ್‌ಲೈಟು, ನಾಲ್ಕು ಸೆಲ್ಲಿನ ದಪ್ಪ ಸರ್ಚ್‌ಲೈಟು, ಗೋಡೆಯ ಪ್ಲಗ್ಗಿಗೆ ನೇರ ಚುಚ್ಚುವ ಪ್ಲಾಸ್ಟಿಕ್ ಟಾರ್ಚು. ಸೆಲ್ ಹೆಚ್ಚಿದ್ದದ್ದೇ ಒಳ್ಳೆಯದು ಎಂದು ಬಹಳ ಜನ ದೊಡ್ಡದನ್ನೇ ಒಯ್ಯುತ್ತಾರೆ. ಸೆಲ್ ಹೆಚ್ಚಿದಂತೆ ಬೆಳಕಿನ ಗಂಟೆ ಹೆಚ್ಚುವುದು ನಿಜ. ಆದರೆ ಆ ಸೆಲ್ಲುಗಳು ಒಂದಕ್ಕೊಂದು ಸರಿಸಮ ಇವೆಯೇ ಎಂದು ನೋಡಿಕೊಳ್ಳುವ ಕೆಲಸವೂ ಮನೆಯವರ ಮೇಲೆ ಬೀಳುತ್ತದೆ. ಆ ಕೆಲಸ ಮಾಡುವವರು ಯಾರೂ ಇಲ್ಲದ ಮನೆಗೆ, ಬಿಚ್ಚಿ ಹಾಕುವ ಎರಡು ಸೆಲ್ಲಿನ ಟಾರ್ಚು ಬೇಡ.

ಇಂಥ ಟಾರ್ಚುಗಳಲ್ಲಿ ಹೆಚ್ಚಾಗಿ ಇರುವುದು ರೀಚಾರ್ಜ್ ಆಗುವ ಲಿಥಿಯಂ ಸೆಲ್ಲು, ಸರಿಸಮ ಇಲ್ಲದ ಜೋಡಿ ಬೆಂಕಿಗೂ ಕಾರಣವಾಗಬಹುದು. ಬಿಡಿ ಲಿಥಿಯಂ ಸೆಲ್ಲಿನ ಅಪಾಯ ಹೊರದೇಶಗಳಲ್ಲಿ ಹೆಚ್ಚು ಸುದ್ದಿಯಾದದ್ದು ಇ-ಸಿಗರೇಟುಗಳಿಂದ. ನಮ್ಮಲ್ಲಿ 2019ರ ಕಾಯ್ದೆ ಅವನ್ನು ನಿಷೇಧಿಸಿದೆ. ಆದರೆ ಎರಡು ಸೆಲ್ಲಿನ ಇ-ಸಿಗರೇಟಿನಲ್ಲಿ ಕೂರುವ 18650 ಸೆಲ್ಲೇ ನಮ್ಮ ಟಾರ್ಚಿನಲ್ಲೂ ಕೂರುತ್ತದೆ, ಜೋಡಿಸುವ ರೀತಿಯೂ ಅದೇ, ಕೆಡುವ ರೀತಿಯೂ ಅದೇ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಈ ಸೆಲ್ಲನ್ನು ಬಿಡಿಯಾಗಿ ಬಳಸಬೇಡಿ ಎಂದು ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗ 2021ರಲ್ಲಿ ಎಚ್ಚರಿಸಿತು. ಈ ಸೆಲ್ಲುಗಳು ತಯಾರಾಗುವುದು ಮುಖ್ಯವಾಗಿ ಲ್ಯಾಪ್‌ಟಾಪ್, ಉಪಕರಣಗಳ ಪ್ಯಾಕಿನೊಳಗೆ ರಕ್ಷಣಾ ಸರ್ಕ್ಯೂಟಿನ ಜೊತೆ ಇರಲು. ಸೆಲ್ಲಿನ ಕಂಪನಿಗಳೂ ಇದನ್ನೇ ಹೇಳುತ್ತವೆ. ಬಿಡಿಯಾಗಿ ಬಳಸುವಾಗ ಆ ಸರ್ಕ್ಯೂಟಿನ ಕೆಲಸ ನಮ್ಮದಾಗುತ್ತದೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲ ಪ್ರಶ್ನೆ: ಸೆಲ್ಲನ್ನು ಬಿಚ್ಚಿ ಹಾಕುವವರು ಯಾರು? ಒಬ್ಬರೇ ಮಾಡುತ್ತಾರೆಯೇ, ಅಥವಾ ಮಗ ಒಮ್ಮೆ, ಕೆಲಸಕ್ಕೆ ಬಂದವರು ಒಮ್ಮೆ, ಕತ್ತಲಲ್ಲಿ ಅಮ್ಮ ಒಮ್ಮೆಯೇ? ಎರಡನೆಯದು, ಬೇಕಾದದ್ದು ಎಷ್ಟು ಗಂಟೆಯ ಬೆಳಕು ಎಂಬುದು. ಡಬ್ಬಿಯ ಮೇಲಿನ ಲ್ಯೂಮೆನ್ (ಬೆಳಕು ಎಷ್ಟು ಎಂಬ ಅಳತೆ) ಸಂಖ್ಯೆ ಇದಕ್ಕೆ ಉತ್ತರ ಕೊಡುವುದಿಲ್ಲ. ಮೂರನೆಯದು ನೀರು: ತೋಟದ ಕೆಲಸಕ್ಕೆ ಐಪಿಎಕ್ಸ್4 (ನೀರು ತಡೆಯುವ ಮಟ್ಟದ ಗುರುತು) ಎಂದರೆ ಹನಿ ತಡೆಯುವಷ್ಟು ಮಾತ್ರ, ಹಳ್ಳ ದಾಟುವವರಿಗೆ, ಸಂಕದ ಮೇಲೆ ಜಾರುವ ಸಾಧ್ಯತೆ ಇರುವವರಿಗೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವ ಐಪಿಎಕ್ಸ್7 ಬೇಕು. ನಾಲ್ಕನೆಯದು, ಕೆಟ್ಟರೆ ಹೇಗೆ ಕೆಡುತ್ತದೆ: ಸುಮ್ಮನೆ ಆರುತ್ತದೆಯೋ, ಉರಿಯುತ್ತದೆಯೋ? ದುಡ್ಡಿನ ಮಾತು ಇವೆಲ್ಲ ಆದಮೇಲೆ. ಅದರಲ್ಲೂ ಟಾರ್ಚಿಗೇ ಎಲ್ಲ ಸುರಿಯದೆ ಸುಮಾರು ಅರ್ಧವನ್ನು ಸೆಲ್ಲು ಮತ್ತು ಚಾರ್ಜರಿಗೆ ಎತ್ತಿಡುವುದು ಒಳ್ಳೆಯದು.

ಗಂಟೆಯ ಲೆಕ್ಕ ಸುಲಭ. 3000 ಎಂಎಎಚ್‌ನ (ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಒಂದು ಸೆಲ್ಲು 3.6 ವೋಲ್ಟಿನಲ್ಲಿ ಸುಮಾರು 10.8 ವ್ಯಾಟ್-ಗಂಟೆ ಕೊಡುತ್ತದೆ. ಎಲ್‌ಇಡಿ ಟಾರ್ಚು ಒಂದು ವ್ಯಾಟಿಗೆ ಅಂದಾಜು 100 ಲ್ಯೂಮೆನ್ ಕೊಡುತ್ತದೆ ಎಂದಿಟ್ಟುಕೊಂಡರೆ, 1000 ಲ್ಯೂಮೆನ್ನಿಗೆ ಒಂದು ಗಂಟೆ, 200 ಲ್ಯೂಮೆನ್ನಿಗೆ ಐದು ಗಂಟೆ. ಕಾಲುಹಾದಿಯಲ್ಲಿ ಹಾವು, ಬೇರು, ಹೊಂಡ ನೋಡಿ ನಡೆಯಲು 200 ಧಾರಾಳ ಸಾಕು. ಗದ್ದೆಯಂಚಿನಲ್ಲಿ ಹಂದಿ ಬಂದಿದೆಯೇ ಎಂದು ಆಚೆ ದಡಕ್ಕೆ ಬೆಳಕು ಎಸೆಯುವವರಿಗೆ ಮಾತ್ರ 1000 ಬೇಕು, ಅದೂ ಗಳಿಗೆ ಹೊತ್ತಿಗೆ. ಎರಡು ಸೆಲ್ಲನ್ನು ಸೀರೀಸ್‌ನಲ್ಲಿ (ಒಂದರ ಹಿಂದೊಂದು) ಹಾಕಿದರೂ ಪ್ಯಾರಲಲ್‌ನಲ್ಲಿ (ಅಕ್ಕಪಕ್ಕ) ಹಾಕಿದರೂ ಒಟ್ಟು ಶಕ್ತಿ ಅದೇ 21.6 ವ್ಯಾಟ್-ಗಂಟೆ. ಗಂಟೆಯಲ್ಲಿ ವ್ಯತ್ಯಾಸವಿಲ್ಲ, ಕೆಡುವ ರೀತಿಯಲ್ಲಿ ಬಹಳ ಇದೆ.

ಒಂದೇ ಸೆಲ್ಲಿನದು

ಹೆಚ್ಚಿನ ಮನೆಗಳಿಗೆ ಇದೇ ಸರಿ. ಹೊಂದಾಣಿಕೆಯ ಪ್ರಶ್ನೆಯೇ ಇಲ್ಲ. ರಕ್ಷಣಾ ಸರ್ಕ್ಯೂಟು ಇರುವ ಸೆಲ್ಲು ಹಾಕಿದರೆ, ತಿರುಗಾ (ಪ್ಲಸ್ ಮೈನಸ್ ಉಲ್ಟಾ) ಹಾಕಿದರೂ ಶಾರ್ಟ್ ಆದರೂ ಅದು ಕರೆಂಟನ್ನು ಕಡಿಯುತ್ತದೆ. ಅಂಥ ಸೆಲ್ಲು 65ರ ಬದಲು 68ರಿಂದ 70 ಮಿ.ಮೀ. ಉದ್ದ ಇರುತ್ತದೆ, ಪ್ಲಸ್ ತುದಿಯಲ್ಲಿ ಗುಬ್ಬಿ (ಸಣ್ಣ ಉಬ್ಬು) ಇರುತ್ತದೆ. ಟಾರ್ಚು ಕೊಳ್ಳುವಾಗಲೇ ಈ ಉದ್ದದ ಸೆಲ್ಲು ಹಾಕಿ ಮುಚ್ಚಳ ಪೂರ್ತಿ ತಿರುಗುತ್ತದೆಯೇ ನೋಡಿ. ಬಲವಂತವಾಗಿ ತಿರುಗಿಸಿದರೆ ಸ್ಪ್ರಿಂಗು ಸೆಲ್ಲಿನ ತಳದ ಸರ್ಕ್ಯೂಟನ್ನೇ ಜಜ್ಜುತ್ತದೆ.

ಇನ್ನೂ ಹೆಚ್ಚು ಗಂಟೆ ಬೇಕಾದವರು ಎರಡು ಸೆಲ್ಲಿನ ಟಾರ್ಚಿಗೆ ಹೋಗುವ ಮೊದಲು 21700 ಸೆಲ್ಲಿನ ಟಾರ್ಚನ್ನು ನೋಡಬೇಕು. 21 ಮಿ.ಮೀ. ದಪ್ಪ, 70 ಮಿ.ಮೀ. ಉದ್ದದ ಈ ಒಂದು ಸೆಲ್ಲಿಗೆ 4000ರಿಂದ 5000 ಎಂಎಎಚ್ ಬರುತ್ತದೆ. ಸಾಲದಿದ್ದರೆ ಇನ್ನೊಂದು ತುಂಬಿದ ಸೆಲ್ಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಕಿಸೆಯಲ್ಲಿ ಬಿಡಿಯಾಗಿ ಇಡಬೇಡಿ. ಕೀಲಿಕೈ, ಚಿಲ್ಲರೆ, ಅಡಕತ್ತರಿ ಇರುವ ಕಿಸೆಯಲ್ಲಿ ಶಾರ್ಟ್ ಆದ ಸೆಲ್ಲು ಬಟ್ಟೆ ಸುಟ್ಟು ತೊಡೆಯನ್ನೂ ಸುಡುತ್ತದೆ.

ಉದ್ದಕ್ಕೆ ಎರಡು, ಮೂರು ಸೆಲ್ಲು: ಸೀರೀಸ್

ಇಲ್ಲಿ ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ ತಾಗುತ್ತದೆ. ಪೂರ್ತಿ ತುಂಬಿದಾಗ 4.2ರ ಎರಡು ಸೇರಿ 8.4 ವೋಲ್ಟು. ದೂರಕ್ಕೆ ಬೆಳಕು ಎಸೆಯುವ ಟಾರ್ಚುಗಳು ಈ ಜೋಡಣೆಯನ್ನು ಇಷ್ಟಪಡುತ್ತವೆ: ವೋಲ್ಟು ಹೆಚ್ಚಿದ್ದರೆ ಅದೇ ಬೆಳಕಿಗೆ ಸೆಲ್ಲಿನಿಂದ ಎಳೆಯುವ ಆಂಪ್ಸ್ ಅರ್ಧಕ್ಕಿಳಿಯುತ್ತದೆ, ಸ್ಪ್ರಿಂಗು ಕಡಿಮೆ ಬಿಸಿಯಾಗುತ್ತದೆ, ಸೆಲ್ಲು ಇಳಿಯುತ್ತ ಬಂದರೂ ಬೆಳಕು ಮಂಕಾಗುವುದು ತಡ. ಇದು ನಿಜವಾದ ಲಾಭವೇ.

ಆದರೆ ಸೀರೀಸ್‌ನಲ್ಲಿ ಎರಡೂ ಸೆಲ್ಲಿನಲ್ಲಿ ಹರಿಯುವುದು ಒಂದೇ ಕರೆಂಟು. ನೊಗಕ್ಕೆ ಕಟ್ಟಿದ ಜೋಡಿ ಎತ್ತಿನಲ್ಲಿ ಒಂದು ಮುದಿಯಾದರೆ ಎಳೆಯುವ ಇನ್ನೊಂದು ಅದನ್ನು ದರದರ ಎಳೆದೊಯ್ಯುವಂತೆ, ಬಲವಾದ ಸೆಲ್ಲು ಸೋತ ಸೆಲ್ಲಿನ ಮೂಲಕವೇ ಕರೆಂಟು ನೂಕುತ್ತ ಹೋಗುತ್ತದೆ. ಟಾರ್ಚು ಒಟ್ಟು 6 ವೋಲ್ಟಿಗೆ ಆರುವಂತೆ ಇದ್ದರೂ, ಒಂದು 3.6ರಲ್ಲಿದ್ದರೆ ಇನ್ನೊಂದು ಆಗಲೇ 2.4ಕ್ಕೆ ಇಳಿದಿರುತ್ತದೆ. ಒಟ್ಟನ್ನು ನೋಡುವ ಟಾರ್ಚಿಗೆ ಇದು ಕಾಣುವುದೇ ಇಲ್ಲ. ಅಗ್ಗದ ಟಾರ್ಚುಗಳಲ್ಲಿ ಎಷ್ಟೋ ಸಲ ಆರಿಸುವ ವ್ಯವಸ್ಥೆಯೂ ಇರುವುದಿಲ್ಲ. ಆಗ ಸೋತ ಸೆಲ್ಲು ಸೊನ್ನೆ ದಾಟಿ ಉಲ್ಟಾ ಚಾರ್ಜ್ ಆಗುತ್ತದೆ. ತೀರ ಕೆಳಗಿಳಿದ ಸೆಲ್ಲಿನೊಳಗೆ ಮೈನಸ್ ಕಡೆಯ ತಾಮ್ರದ ಹಾಳೆ ಕರಗುತ್ತದೆ. ಮತ್ತೆ ಚಾರ್ಜಿಗೆ ಹಾಕಿದಾಗ ಆ ತಾಮ್ರ ಎಲ್ಲೆಂದರಲ್ಲಿ ಕೂತು ಒಳಗೇ ಶಾರ್ಟ್ ಮಾಡುತ್ತದೆ. ಸೆಲ್ಲು ಸುಟ್ಟದ್ದು ಚಾರ್ಜರಿನಲ್ಲಿ, ಹಾಳಾದದ್ದು ಅದರ ಹಿಂದಿನ ರಾತ್ರಿ ತೋಟದಲ್ಲಿ. ಹೀಗಾಗಿಯೇ ಜನ ಚಾರ್ಜರನ್ನು ಬಯ್ದು ಅದೇ ಟಾರ್ಚನ್ನು ಮತ್ತೆ ಬಳಸುತ್ತಾರೆ.

ಇನ್ನೊಂದು ಮಾತು. ನೀರು ಹೋಗದಂತೆ ರಬ್ಬರ್ ರಿಂಗು ಹಾಕಿ ಬಿಗಿದ ಅಲ್ಯೂಮಿನಿಯಂ ಕೊಳವೆಯಲ್ಲಿ ಕೆಟ್ಟ ಸೆಲ್ಲು ಉಗುಳುವ ಅನಿಲವೂ ಹೊರಗೆ ಹೋಗಲಾರದು. ಸೆಲ್ಲು ಬಾಯಿ ಬಿಟ್ಟರೆ ಒತ್ತಡ ಏರಿ ಮುಚ್ಚಳ ಅಥವಾ ಗಾಜು ಗುಂಡಿನಂತೆ ಹಾರುತ್ತದೆ. ಮಳೆಗೆ ಒಳ್ಳೆಯ ಗುಣ ಇಲ್ಲಿ ತಿರುಗಿ ಬೀಳುತ್ತದೆ.

ಟಾರ್ಚಿಗೇ ಯುಎಸ್‌ಬಿ-ಸಿ ಕೇಬಲ್ ಚುಚ್ಚಿ ಸೀರೀಸ್ ಸೆಲ್ಲುಗಳನ್ನು ಚಾರ್ಜ್ ಮಾಡುವ ಮಾದರಿಗಳೂ ಇವೆ. ಪ್ರತಿ ಸೆಲ್ಲಿನ ವೋಲ್ಟನ್ನು ಬೇರೆಯಾಗಿ ಅಳೆದು ಸಮ ಮಾಡುವ ಸರ್ಕ್ಯೂಟು ಇಲ್ಲದಿದ್ದರೆ ಒಂದು 4.1, ಇನ್ನೊಂದು 4.3 ಆದರೂ ಒಟ್ಟು 8.4 ಎಂದು ಹಸಿರು ದೀಪ ಹತ್ತುತ್ತದೆ. ಬಿಚ್ಚಿ ಹಾಕುವ ಸೀರೀಸ್ ಸೆಲ್ಲುಗಳನ್ನು ಯಾವಾಗಲೂ ಹೊರಗೆ ತೆಗೆದು, ಒಂದೊಂದಕ್ಕೂ ಬೇರೆ ಗೂಡು ಇರುವ ಚಾರ್ಜರಿನಲ್ಲೇ ತುಂಬಿಸಬೇಕು. ಮೂರು ಸೆಲ್ಲಿನ ಕೊಳವೆಯನ್ನಂತೂ ಮನೆಬಳಕೆಗೆ ತರಲೇಬೇಡಿ.

ಅಕ್ಕಪಕ್ಕದ ಸೆಲ್ಲು: ಪ್ಯಾರಲಲ್

ಹೆಡ್‌ಲೈಟಿನ ಹಿಂದಿನ ಪೆಟ್ಟಿಗೆ, ಹಲವು ದಪ್ಪ ಸರ್ಚ್‌ಲೈಟುಗಳು ಸಾಮಾನ್ಯವಾಗಿ ಈ ಜೋಡಣೆಯವು. ಎಲ್ಲ ಪ್ಲಸ್ ಒಂದು ಕಡೆ, ಎಲ್ಲ ಮೈನಸ್ ಇನ್ನೊಂದು ಕಡೆ, ವೋಲ್ಟು 4.2ಕ್ಕೆ ಮೀರುವುದಿಲ್ಲ. ಒಳಗೆ ಕೂತಮೇಲೆ ಸೆಲ್ಲುಗಳು ತಾವಾಗಿಯೇ ಸಮ ಆಗುತ್ತವೆ. ಒಂದು ದುರ್ಬಲವಾದರೆ ಇನ್ನೊಂದು ಹೆಚ್ಚು ಹೊರುತ್ತದೆ, ಯಾವುದೂ ಉಲ್ಟಾ ಆಗುವುದಿಲ್ಲ. ಒಳಗೇ ಚಾರ್ಜ್ ಮಾಡಿದರೂ ತೊಂದರೆ ಇಲ್ಲ. ಬಳಕೆಯ ಹೊತ್ತಿನಲ್ಲಿ ಇದು ಸೀರೀಸ್‌ಗಿಂತ ಸೌಮ್ಯ.

ಅಪಾಯ ಇರುವುದು ಸೆಲ್ ಹಾಕುವ ಆ ಒಂದು ಕ್ಷಣದಲ್ಲಿ. ತುಂಬಿದ 4.2 ವೋಲ್ಟಿನದನ್ನೂ ಖಾಲಿಯಾದ 3.3ರದನ್ನೂ ಒಟ್ಟಿಗೆ ಹಾಕಿದಿರಿ ಎನ್ನಿ. ನಡುವಿನ 0.9 ವೋಲ್ಟಿಗೆ ಅಡ್ಡ ಇರುವುದು ಎರಡೂ ಸೆಲ್ಲಿನ ಒಳತಡೆ, ಸ್ಪ್ರಿಂಗಿನ ತಡೆ ಸೇರಿ ಅಂದಾಜು 0.1 ಓಮ್. ಅಂದರೆ ಸುಮಾರು 9 ಆಂಪ್ಸ್, ಸ್ವಿಚ್ ಆಫ್ ಇದ್ದರೂ, ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ. 1.5 ಆಂಪ್ಸ್‌ನಲ್ಲಿ ಮೆಲ್ಲಗೆ ತುಂಬಬೇಕಾದ ಸೆಲ್ಲಿಗೆ ಇದು ತಡೆಯಲಾರದ ಹೊರೆ. ಇನ್ನು ಒಂದನ್ನು ತಿರುಗಾ ಹಾಕಿದರಂತೂ ಎರಡೂ ಸೆಲ್ಲು ಸೇರಿ ನೇರ ಶಾರ್ಟ್. ಕರೆಂಟು ಹೋದ ರಾತ್ರಿ, ಒದ್ದೆ ಕೈಯಲ್ಲಿ, ತಡವರಿಸಿ ಸೆಲ್ ಹಾಕುವಾಗ ಆಗುವ ತಪ್ಪು ಇದೇ. ಒಳ್ಳೆಯ ಮಾದರಿಗಳಲ್ಲಿ ಪ್ಲಸ್ ತುದಿಗೆ ಪ್ಲಾಸ್ಟಿಕ್ ಅಡ್ಡಗಟ್ಟೆ ಇರುತ್ತದೆ, ಸಪಾಟು ಮೈನಸ್ ತುದಿ ಅಲ್ಲಿ ತಾಗುವುದಿಲ್ಲ. ಅಂಗಡಿಯಲ್ಲೇ ಮುಚ್ಚಳ ತೆಗೆದು ಅದನ್ನು ನೋಡಿ. ಎರಡೂ ಬದಿ ಬರಿ ಸ್ಪ್ರಿಂಗು ಇದ್ದರೆ ಬೇಡ ಎನ್ನಿ.

ಹೆಡ್‌ಲೈಟಿನ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಆ ಪೆಟ್ಟಿಗೆ ಇರುವುದು ತಲೆಬುರುಡೆಗೆ ಒತ್ತಿಕೊಂಡು. ಮಳೆನೀರು ಪಟ್ಟಿಯ ಮೇಲೆ ಇಳಿದು ವೈರು ಒಳಹೋಗುವ ತೂತಿನಲ್ಲೇ ಸೇರುತ್ತದೆ. ಬೆಳಗಿನ ಜಾವ ತೋಟಕ್ಕೆ ನೀರು ನೋಡಲು ಹೋಗುವವರಿಗೆ, ಕೊಟ್ಟಿಗೆ ಕೆಲಸದವರಿಗೆ ಹಣೆಯ ಮೇಲೇ ಒಂದು ಸೆಲ್ಲು ಇರುವ ಹೆಡ್‌ಲೈಟು ಸಾಕು.

ಬಿಚ್ಚಲಾಗದ ಪ್ಯಾಕು

ನಾಲ್ಕು ಸೆಲ್ಲಿನಷ್ಟು ಶಕ್ತಿ ನಿಜವಾಗಿ ಬೇಕಾದವರಿಗೆ, ಅಂದರೆ ಸುಗ್ಗಿಯಲ್ಲಿ ಅಂಗಳದ ಚಪ್ಪರದಡಿ ರಾತ್ರಿ ಅಡಿಕೆ ಸುಲಿಯಲು ನಾಲ್ಕೈದು ಗಂಟೆ ದೀಪ ಬೇಕಾದವರಿಗೆ, ಬಿಡಿ ಸೆಲ್ಲಿಗಿಂತ ಕಾರ್ಖಾನೆಯಲ್ಲೇ ಬೆಸೆದ, ಬಿಎಂಎಸ್ (ಸೆಲ್ಲುಗಳನ್ನು ನೋಡಿಕೊಳ್ಳುವ ರಕ್ಷಣಾ ಸರ್ಕ್ಯೂಟು) ಇರುವ ಪ್ಯಾಕು ಮೇಲು. ತಿರುಗಾ ಹಾಕುವ, ಹಳೆಯದರ ಜೊತೆ ಹೊಸದನ್ನು ಬೆರೆಸುವ ದಾರಿಯೇ ಮುಚ್ಚಿರುತ್ತದೆ. ಕೊರತೆ ಎಂದರೆ, ಒಂದು ಸೆಲ್ಲು ಸೋತರೆ ಪ್ಯಾಕು ಪೂರ್ತಿ ಹೋಯಿತು. ಆಗ ಪೇಟೆಯ ರಿಪೇರಿಯವರಿಂದ ಹಳೆ ಲ್ಯಾಪ್‌ಟಾಪಿನ ಸೆಲ್ಲು ಬೆಸುಗೆ ಹಾಕಿಸುವ ಆಸೆ ಬರುತ್ತದೆ. ಹಾಕಿಸಬೇಡಿ. ವಯಸ್ಸು ಗೊತ್ತಿಲ್ಲದ ಸೆಲ್ಲನ್ನು ಸೀರೀಸ್‌ಗೆ ಸೇರಿಸುವುದೂ, ಬೆಸುಗೆಯ ಬಿಸಿಯನ್ನು ನೇರ ಸೆಲ್ಲಿನ ತುದಿಗೆ ಕೊಡುವುದೂ ಎರಡೂ ಕೆಟ್ಟದ್ದು.

ಸಿಗುವುದಾದರೆ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕನ್ನೇ ಕೇಳಿ. ಸೆಲ್ಲಿಗೆ 3.2 ವೋಲ್ಟು, ಪೂರ್ತಿ ತುಂಬಿದಾಗ 3.65. ಅಷ್ಟೇ ಗಾತ್ರದ ಸಾಮಾನ್ಯ ಲಿಥಿಯಂ ಸೆಲ್ಲಿನ ಸುಮಾರು ಅರ್ಧದಷ್ಟು ಶಕ್ತಿ ಮಾತ್ರ ಹಿಡಿಯುತ್ತದೆ, ಆದ್ದರಿಂದ ತೂಕ ಹೆಚ್ಚು. ಆದರೆ ತಾನೇ ತಾನಾಗಿ ಕಾದು ಉರಿಯುವ ಹಂತಕ್ಕೆ ಬರಲು ಇದಕ್ಕೆ ಬಹಳ ಹೆಚ್ಚಿನ ಬಿಸಿ ಬೇಕು, ಬಾಳಿಕೆಯೂ ಹೆಚ್ಚು. ಚಪ್ಪರದಲ್ಲಿ ನೇತುಹಾಕುವ ದೀಪಕ್ಕೆ ತೂಕ ಯಾರಿಗೂ ಲೆಕ್ಕವಿಲ್ಲ.

ಪ್ಲಗ್ಗಿಗೆ ಚುಚ್ಚುವ ಅಗ್ಗದ ಪ್ಲಾಸ್ಟಿಕ್ ಟಾರ್ಚುಗಳಲ್ಲಿ ಹೆಚ್ಚಾಗಿ ಇರುವುದು 4 ವೋಲ್ಟಿನ ಸೀಸದ ಬ್ಯಾಟರಿ. ಲಿಥಿಯಂನಂತೆ ಉರಿದು ಹಾರುವುದಿಲ್ಲ. ಅದರ ಅಪಾಯ ಬೇರೆ: ಹಲವುದರಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದ ಸರ್ಕ್ಯೂಟು ಇದ್ದು, ಪ್ಲಗ್ಗಿನಲ್ಲಿರುವಾಗ ಒಳಭಾಗವೆಲ್ಲ ಮನೆಯ 230 ವೋಲ್ಟಿಗೆ ನೇರ ಸೇರಿರುತ್ತದೆ. ಒದ್ದೆಯಾದ ಅಥವಾ ಒಡೆದ ಟಾರ್ಚನ್ನು ಚುಚ್ಚಿದರೆ ಶಾಕ್. ಚಾರ್ಜಿನಲ್ಲಿರುವಾಗ ಸ್ವಿಚ್ ಮುಟ್ಟಬೇಡಿ. ಜೊತೆಗೆ ಖಾಲಿ ಮಾಡಿ ಬೇಸಿಗೆಯಿಡೀ ಮೂಲೆಗೆ ಎಸೆದರೆ ಸೀಸದ ಬ್ಯಾಟರಿ ಸತ್ತೇ ಹೋಗುತ್ತದೆ, ತಿಂಗಳಿಗೊಮ್ಮೆ ತುಂಬಿಡಬೇಕು.

ವಯಸ್ಸಾದವರು ಇಬ್ಬರೇ ಇರುವ ಮನೆಗೆ

ಇಂಥ ಮನೆಗೆ ಲಿಥಿಯಂ ಬಿಟ್ಟು, ಪೆನ್‌ಸೆಲ್ ಹಾಕುವ ಟಾರ್ಚೇ ಯೋಗ್ಯ. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಪೆನ್‌ಸೆಲ್ 1.2 ವೋಲ್ಟು, 2000 ಎಂಎಎಚ್. ನಾಲ್ಕು ಸೇರಿ 9.6 ವ್ಯಾಟ್-ಗಂಟೆ, ಅಂದರೆ ಒಂದು 18650ಕ್ಕೆ ಹೆಚ್ಚೂಕಡಿಮೆ ಸಮ. ತಪ್ಪು ಹಾಕಿದರೆ ಬಿಸಿಯಾಗಬಹುದು, ಸೋರಬಹುದು, ಲಿಥಿಯಂನಂತೆ ಬೆಂಕಿಯುಗುಳುವುದಿಲ್ಲ. ಕರೆಂಟು ದಿನಗಟ್ಟಲೆ ಇಲ್ಲದಾಗ ಊರಿನ ಕಿರಾಣಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸೆಲ್ಲೂ ಇದಕ್ಕೆ ಕೂರುತ್ತದೆ. ಬೆಳಕು ಕಡಿಮೆ ಎಂಬುದೊಂದೇ ಕೊರತೆ. ಅಂಗಳದಿಂದ ಬಚ್ಚಲಿಗೆ, ಕೊಟ್ಟಿಗೆಗೆ ಹೋಗಲು ಅಷ್ಟು ಬೆಳಕು ಸಾಕು.

ಸೆಲ್ಲು ಕೊಳ್ಳುವಾಗ, ಜೋಡಿ ಮಾಡುವಾಗ

9900 ಎಂಎಎಚ್ ಎಂದು ಬರೆದ 18650 ಸುಳ್ಳು. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಅಸಲಿ ಸೆಲ್ಲುಗಳಲ್ಲಿ 3500 ಆಸುಪಾಸೇ ಮೇಲಿನ ಮಿತಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ: ಅಸಲಿಯದು ಸುಮಾರು 45ರಿಂದ 50 ಗ್ರಾಂ ಇರುತ್ತದೆ. 30 ಗ್ರಾಂ ತೂಗಿದರೆ ಒಳಗೆ ಅರ್ಧ ಪೊಳ್ಳು. ಭಾರತೀಯ ಮಾನಕ ಬ್ಯೂರೋದ ಗುರುತು, ಐಎಸ್ 16046 ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಹೆಸರಾಂತ ಕಂಪನಿಯ ಹೊದಿಕೆಯ ಬಣ್ಣವನ್ನು ನಕಲು ಮಾಡುವುದು ಸುಲಭ, ಅದನ್ನು ನಂಬಬೇಡಿ.

ಎರಡು ಸೆಲ್ಲಿನ ಟಾರ್ಚು ಬೇಕೇಬೇಕು ಎಂದಾದರೆ, ಒಂದೇ ಕಂಪನಿಯ ಒಂದೇ ಮಾದರಿಯ ಎರಡನ್ನು ಒಂದೇ ದಿನ ಕೊಳ್ಳಿ. ಅಳಿಸದ ಪೆನ್ನಿನಿಂದ ‘ಅ1’, ‘ಅ2’ ಎಂದೂ ತಿಂಗಳು, ವರ್ಷವನ್ನೂ ಹೊದಿಕೆಯ ಮೇಲೆ ಬರೆಯಿರಿ. ಈ ಎರಡು ಯಾವತ್ತೂ ಬೇರೆಯಾಗಬಾರದು: ಒಟ್ಟಿಗೇ ಬಳಕೆ, ಒಟ್ಟಿಗೇ ಚಾರ್ಜು, ಒಂದು ಕೆಟ್ಟರೆ ಎರಡಕ್ಕೂ ನಿವೃತ್ತಿ. ಪೂರ್ತಿ ತುಂಬಿಸಿ ಒಂದು ಗಂಟೆ ಬಿಟ್ಟು ಮಲ್ಟಿಮೀಟರನ್ನು ಡಿಸಿ 20 ವೋಲ್ಟಿನಲ್ಲಿಟ್ಟು ಅಳೆಯಿರಿ. ವ್ಯತ್ಯಾಸ 0.05 ವೋಲ್ಟಿನೊಳಗಿದ್ದರೆ ಹಾಕಬಹುದು. ಬಳಸಿ ತೆಗೆದಾಗಲೂ ಅಳೆಯಿರಿ, 0.1 ದಾಟುತ್ತಿದ್ದರೆ ಆ ಜೋಡಿ ಮುಗಿಯಿತು. 2.5 ವೋಲ್ಟಿಗಿಂತ ಕೆಳಗಿಳಿದ ಸೆಲ್ಲನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ಚಾರ್ಜರಿನಿಂದ ತೆಗೆದ ಕೂಡಲೇ 4.25ಕ್ಕಿಂತ ಹೆಚ್ಚು ತೋರಿಸಿದರೆ ತಪ್ಪು ಚಾರ್ಜರಿನದು, ಅದನ್ನು ಬದಲಿಸಿ.

ಹೊದಿಕೆಯನ್ನೂ ಗಮನಿಸಬೇಕು. ಸೆಲ್ಲಿನ ಉಕ್ಕಿನ ಮೈ ಪೂರ್ತಿ ಮೈನಸ್. ಪ್ಲಸ್ ಗುಬ್ಬಿಗೂ ಅದಕ್ಕೂ ನಡುವೆ ಇರುವುದು ಒಂದು ತೆಳ್ಳಗಿನ ರಿಂಗು ಮತ್ತು ಪ್ಲಾಸ್ಟಿಕ್ ಹೊದಿಕೆ. ಮೇಲ್ತುದಿಯಲ್ಲಿ ಅದು ಹರಿದಿದ್ದರೆ ಟಾರ್ಚಿನ ಲೋಹದ ಮೈಗೆ ತಾಗಿ ಶಾರ್ಟ್ ಆಗಬಹುದು.

ನಮ್ಮ ಕಡೆಯ ಹವೆಗೆ ತಕ್ಕ ಕೆಲವು ಎಚ್ಚರಿಕೆ ಬೇರೆಯೇ ಇವೆ. ಶೀತ ಹಿಡಿಯದಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ, ಅಡಿಕೆ ಬೇಯಿಸುವ ಒಲೆಯ ಹತ್ತಿರ ಸೆಲ್ಲು ಇಡಬೇಡಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂಪಾದ ಜಾಗದಲ್ಲಿಡಿ. ಮಳೆಗಾಲ ಮುಗಿದು ಎತ್ತಿಡುವುದಾದರೆ ಪೂರ್ತಿ ತುಂಬಿಸದೆ 3.7ರಿಂದ 3.8 ವೋಲ್ಟಿನಲ್ಲಿಡಿ. ಚಾರ್ಜ್ ಮಾಡುವುದು ಎಚ್ಚರ ಇರುವಾಗ, ಸಿಮೆಂಟ್ ನೆಲ ಅಥವಾ ಕಡಪ ಕಲ್ಲಿನ ಮೇಲೆ. ಹುಲ್ಲು, ಗೋಣಿಚೀಲ, ಅಡಿಕೆ ಸಿಪ್ಪೆ, ಹಾಸಿಗೆ ಹತ್ತಿರ ಬೇಡ. ಗುಡುಗು ಶುರುವಾದರೆ ಪ್ಲಗ್ ಕೀಳಿ. ಸ್ಪ್ರಿಂಗಿಗೆ ತುಕ್ಕು ಹಿಡಿದರೆ ಅಲ್ಲೇ ಬಿಸಿ ಹುಟ್ಟುತ್ತದೆ, ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಿ, ರಬ್ಬರ್ ರಿಂಗಿಗೆ ತುಸು ಸಿಲಿಕೋನ್ ಗ್ರೀಸ್ ಸವರಿ.

ಬೆನ್ನಿಗೆ ಹಾಕುವ ಸ್ಪ್ರೇಯರ್

ಇದೇ ಲೆಕ್ಕ ಬ್ಯಾಟರಿ ಸ್ಪ್ರೇಯರಿಗೂ ಬರುತ್ತದೆ. ಅದರಲ್ಲಿ ಬರುವ 12 ವೋಲ್ಟ್, 8 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಎರಡು ಕಿಲೋಗೂ ಹೆಚ್ಚು ತೂಕ, ಹಾಗಾಗಿ ಲಿಥಿಯಂ ಹಾಕಿಸುವವರು ಹೆಚ್ಚುತ್ತಿದ್ದಾರೆ. ಹಾಕಿಸಿ, ಆದರೆ ಹಳೆಯ ಚಾರ್ಜರ್ ಬಿಟ್ಟುಬಿಡಿ. ಮೂರು ಸೆಲ್ ಸೀರೀಸ್‌ನ ಲಿಥಿಯಂ ಪ್ಯಾಕು 12.6 ವೋಲ್ಟಿಗೆ ತುಂಬುತ್ತದೆ. ಸೀಸದ ಬ್ಯಾಟರಿಯ ಚಾರ್ಜರ್ 13.8ರಿಂದ 14.4ರವರೆಗೆ ಏರಿಸುತ್ತದೆ. ಅಂದರೆ ಸೆಲ್ಲಿಗೆ 4.6ರಿಂದ 4.8. ಬಿಎಂಎಸ್ ಕೈಕೊಟ್ಟರೆ ಬೆಂಕಿ ಖಂಡಿತ ಎನ್ನುವಷ್ಟು ಹತ್ತಿರ. ಐರನ್ ಫಾಸ್ಫೇಟಿನ ನಾಲ್ಕು ಸೆಲ್ಲಿನ ಪ್ಯಾಕು 14.6ಕ್ಕೆ ತುಂಬುವುದರಿಂದ ಅಲ್ಲಿ ತಪ್ಪಿಗೆ ಸ್ವಲ್ಪ ಜಾಗ ಇದೆ. ಬೆನ್ನಿನ ಮೇಲೆ ಹೊರುವ ವಸ್ತುವಿಗೆ ಅದನ್ನೇ ಆರಿಸಿ, ಅದರದ್ದೇ ಚಾರ್ಜರ್ ಕೊಳ್ಳಿ. ಮೈಲುತುತ್ತದ (ಬೋರ್ಡೋ) ದ್ರಾವಣ ಸೋರಿ ಟರ್ಮಿನಲ್ಲಿಗೆ ತಾಗಿದರೆ ತಿಂದುಹಾಕುತ್ತದೆ. ಬೋರ್ಡೋ ಹೊಡೆದ ದಿನ ಬ್ಯಾಟರಿಯ ಗೂಡನ್ನು ತೆರೆದು ಒರೆಸಬೇಕು.

ಟಾರ್ಚು ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾದರೆ, ಬುಸ್ ಎನ್ನುವ ಸದ್ದು ಅಥವಾ ಸಿಹಿಯಾದ ಥಿನ್ನರಿನಂಥ ವಾಸನೆ ಬಂದರೆ ಮುಚ್ಚಳ ಬಿಚ್ಚಲು ಹೋಗಬೇಡಿ. ಎರಡೂ ತುದಿ ಮುಖದ ಕಡೆ ಬಾರದಂತೆ ಬಯಲಿಗೆ ಎಸೆದು ದೂರ ನಿಲ್ಲಿ. ಮನೆಯೊಳಗೆ ಹೊತ್ತಿದರೆ ಜನರನ್ನು ಹೊರಗೆ ಕಳಿಸಿ, ಪ್ಲಗ್ಗಿನಲ್ಲಿದ್ದರೆ ಮೇನ್ ಆರಿಸಿ, ದೂರದಿಂದ ಧಾರಾಳ ನೀರು ಹಾಕಿ. ಮರಳು ಬೆಂಕಿ ಹರಡದಂತೆ ತಡೆಯುತ್ತದೆ, ತಣಿಸುವುದಿಲ್ಲ. ಪಕ್ಕದ ಸೆಲ್ಲು ಹೊತ್ತದಿರಲು ತಣಿಸುವುದೇ ಮುಖ್ಯ. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಕುಡಿಯಬಾರದು. ಕೆಟ್ಟ ಸೆಲ್ಲಿನ ಎರಡೂ ತುದಿಗೆ ಇನ್ಸುಲೇಶನ್ ಟೇಪು ಸುತ್ತಿ ಬೇರೆ ಡಬ್ಬಿಯಲ್ಲಿಟ್ಟು, ಪೇಟೆಗೆ ಹೋದಾಗ ಬ್ಯಾಟರಿ ವಾಪಸು ತೆಗೆದುಕೊಳ್ಳುವ ಅಂಗಡಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯದನ್ನು ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಗೊಬ್ಬರಗುಂಡಿಗೂ ಬಚ್ಚಲೊಲೆಗೂ ಅದನ್ನು ಹಾಕಬೇಡಿ.